ಕೊನೆಯ ಪುಟಕ್ಕೆ ಜಾರುವ ಮಾತು

ನಮ್ಮ ಮನೆಯಲ್ಲಿ ಒಂದು ಕಂಪ್ಯೂಟರು ಬಹಳ ಕಾಲ ನನ್ನ ಹೆಂಡತಿಯ ಪರವಾಗಿ ಮಾತಾಡಿತು. ಮಾತಾಡಿದ್ದು ಅವಳ ದನಿಯಲ್ಲಲ್ಲ, ಅವಳ ತಂಗಿಯ ದನಿಯಲ್ಲಿ. ಈಗಿನ ಮೊಬೈಲುಗಳು ನಮ್ಮ ಅಭ್ಯಾಸ ತಿಳಿದುಕೊಂಡು, ನಾವು ಬಾಯಿ ಬಿಡುವ ಮೊದಲೇ ಬೇಕಾದ್ದು ತಂದಿಡುತ್ತವಂತೆ. ಜನ ಅದನ್ನು ಮೆಚ್ಚಿಕೊಂಡು ಹೇಳುವಾಗ ನನಗೆ ಮಾತ್ರ ಭಯವಾಗುತ್ತದೆ. ಅಂಥದ್ದೊಂದನ್ನು ನನ್ನ ಕೈಯಾರೆ ಮಾಡಿ, ಅದರ ಪಕ್ಕದಲ್ಲೇ ಬದುಕಿದವನು ನಾನು.

ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟೆ. ಸಿದ್ದಾಪುರದ ಒಂದು ರೇಡಿಯೋ ಅಂಗಡಿಯಲ್ಲಿ ಕೆಲಸ ಕಲಿತೆ. ತೊಂಬತ್ತರ ದಶಕದಲ್ಲಿ ಕುಮಾರಸ್ವಾಮಿ ಲೇಔಟಿನಲ್ಲಿ ಒಂದು ಮನೆ ಮಾಡಿಕೊಂಡು, ಮುಂದಿನ ಕಾರ್ ಷೆಡ್ಡಿನಲ್ಲಿ ಟಿವಿ ರಿಪೇರಿ ಅಂಗಡಿ ತೆರೆದೆ. ಕಾರು ಯಾವತ್ತೂ ಇರಲಿಲ್ಲ, ಷೆಡ್ಡು ಇತ್ತು. ಬನಶಂಕರಿ, ಚಿಕ್ಕಲಸಂದ್ರದಿಂದೆಲ್ಲ ಜನ ಸ್ಕೂಟರಿನ ಮುಂದೆ ಟಿವಿ ನಿಲ್ಲಿಸಿಕೊಂಡು ಬರುತ್ತಿದ್ದರು. "ನಿನ್ ಟೇಬಲ್ ಮೇಲಿಟ್ರೆ ಸತ್ತ ಟಿವಿನೂ ಎದ್ದು ಕೂರುತ್ತೆ ಗುರು" ಅಂತ ಒಬ್ಬ ಗಿರಾಕಿ ಯಾವಾಗಲೂ ಹೇಳುತ್ತಿದ್ದ. ಆ ಮಾತಿಗೆ ನಾನು ಮೇಲೆ ಮೇಲೆ ನಕ್ಕರೂ ಒಳಗೆ ಹೌದಪ್ಪ ಅಂದುಕೊಳ್ಳುತ್ತಿದ್ದೆ. ಯಾರ ಮುಂದೂ ಕೈಚಾಚದೆ ಬಂದವನಿಗೆ ಅಷ್ಟಾದರೂ ಗರ್ವ ಇರಬೇಕಲ್ಲ.

ಎರಡು ಸಾವಿರ ಇಸವಿ ದಾಟಿದ ಮೇಲೆ, ಒಂದು ಬೆಳಗ್ಗೆ, ಹೆಂಡತಿಗೆ ಲಕ್ವ ಹೊಡೆಯಿತು. ಒಲೆಯ ಮೇಲಿನ ಹಾಲಿನ ಪಾತ್ರೆಗೆ ಕೈ ಹಾಕಿದವಳು ಹಾಗೇ ಕುಸಿದಳು. ಬಲಗೈ, ಬಲಗಾಲು ಹೋಯಿತು. ಅದರ ಜೊತೆ ಮಾತೂ ಹೋಯಿತು. "ಬುದ್ಧಿ ಸರಿಯಾಗಿದೆ, ನೀವು ಹೇಳಿದ್ದೆಲ್ಲಾ ಅವರಿಗೆ ಅರ್ಥ ಆಗುತ್ತೆ. ಬಾಯಿಗೆ ಮಾತು ಬರಲ್ಲ ಅಷ್ಟೇ" ಅಂದರು ಡಾಕ್ಟರು. ಅಷ್ಟೇ ಅಂತೆ! ದಿನಕ್ಕೆ ನೂರು ಸಲ "ರೀ" ಅನ್ನುತ್ತಿದ್ದವಳು ಕುರ್ಚಿಯಲ್ಲಿ ಕೂತು "ಅ... ಅ..." ಅನ್ನುವುದನ್ನು ನೋಡಿದರೆ ಗೊತ್ತಾಗುತ್ತಿತ್ತು, ಅಷ್ಟೇ ಅಂದರೆ ಎಷ್ಟು ಅಂತ.

ನಮಗೆ ಮಕ್ಕಳಿಲ್ಲ. ಅವಳ ತಂಗಿ ಚಿಕ್ಕಲಸಂದ್ರದಲ್ಲಿದ್ದಳು. ತಾಯಿ ಇಲ್ಲದ ಆ ತಂಗಿಯನ್ನು ಇವಳೇ ಎತ್ತಿ ಆಡಿಸಿ, ಮದುವೆ ಮಾಡಿ ಕಳಿಸಿದ್ದಳು. ಈಗ ಆಕೆ ದಿನಾ ಬೆಳಗ್ಗೆ ಬಸ್ಸಿನಲ್ಲಿ ಬಂದು, ಅಕ್ಕನಿಗೆ ಸ್ನಾನ ಮಾಡಿಸಿ, ಅಡುಗೆ ಮಾಡಿಟ್ಟು, ಮಧ್ಯಾಹ್ನಕ್ಕೆ ಹೋಗುತ್ತಿದ್ದಳು. ಉಳಿದ ಹೊತ್ತು ನಾನು ಅಂಗಡಿಯಲ್ಲಿ, ಗೋಡೆಯ ಆಚೆ ಅವಳು.

ಆ ಗೋಡೆಯೇ ನನ್ನ ಭಯ. ಟಿವಿಯ ಹಿಂಭಾಗ ಬಿಚ್ಚಿ ಕೈ ಒಳಗೆ ಹಾಕಿದಾಗ ಆಚೆ ಅವಳಿಗೆ ಏನಾದರೂ ಆದರೆ? ಉಸಿರು ಕಟ್ಟಿದರೆ? ಮೊದಲು ಕರೆಗಂಟೆಯ ಸ್ವಿಚ್ಚು ಎಳೆದು ಅವಳ ಎಡಗೈಗೆ ಸಿಗುವ ಹಾಗೆ ಹಾಕಿದೆ. ಗಂಟೆ ಹೊಡೆದರೆ ಓಡುತ್ತಿದ್ದೆ. "ನೀರಾ? ಫ್ಯಾನಾ? ದಿಂಬು ಸರಿ ಮಾಡ್ಲಾ?" ಅವಳು ಅಲ್ಲ ಅಂತ ತಲೆ ಆಡಿಸುತ್ತಿದ್ದಳು. ನನ್ನ ಪ್ರಶ್ನೆ ಮುಗಿದರೂ ಅವಳಿಗೆ ಬೇಕಾದ್ದು ಬರುತ್ತಿರಲಿಲ್ಲ. ಒಂದು ಸಲ ಹೀಗೇ ಕೇಳಿ ಕೇಳಿ ಸುಸ್ತಾಗಿ ನಿಂತಾಗ ಅವಳ ಕಣ್ಣಲ್ಲಿ ನೀರು ತುಂಬಿತು. ಕಾಲ ಮೇಲೆ ಒಂದು ಕಟ್ಟಿರುವೆ ಹತ್ತಿತ್ತು, ಅಷ್ಟೇ. ಅದು ಕಚ್ಚುತ್ತಿತ್ತು, ನಾನು ಎದುರಿಗೆ ನಿಂತು ಫ್ಯಾನಾ ಅಂತ ಕೇಳುತ್ತಿದ್ದೆ.

ನಮ್ಮ ಮಹಡಿಯ ರೂಮಿನಲ್ಲಿ ಧಾರವಾಡದ ಕಡೆಯ ಒಬ್ಬ ಇಂಜಿನಿಯರು ಬಾಡಿಗೆಗಿದ್ದ. ಬಿಟಿಎಮ್ ಕಡೆ ಯಾವುದೋ ಆಫೀಸು. ಈ ಇರುವೆಯ ಕಥೆ ಕೇಳಿ ಅವನೇ ಅಂದ: "ಅಣ್ಣಾರ, ವೈನಿಗೆ ಒಂದು ಮಾತಾಡೂ ಪೆಟಗಿ ಮಾಡೂಣು. ಚಿತ್ರ ಒತ್ತಿದ್ರ ಮಾತು ಬರಬೇಕು. ಕಂಪ್ಯೂಟರ್‌ದಾಗಿಂದು ನಾ ನೋಡ್ಕೋತೀನ್ರೀ, ಗುಂಡಿ ಗಿಂಡಿ ನಿಮ್ಮ ಕೆಲಸ." ಅವನ ಕಡೆ ಅಣ್ಣನ ಹೆಂಡತಿಗೆ ವೈನಿ ಅನ್ನುತ್ತಾರೆ.

"ಆಗುತ್ತೇನಪ್ಪಾ?"

"ಯಾಕ ಆಗೂದಿಲ್ರೀ, ನಿಮ್ಮ ಟೇಬಲ್ ಮ್ಯಾಲೆ ಸತ್ತ ಟಿವಿ ಎದ್ದು ಕುಂದ್ರತಾವಂತಲ್ಲ!"

ಎಸ್.ಪಿ. ರೋಡಿನಿಂದ ಹಳೇ ಕಂಪ್ಯೂಟರು ತಂದೆವು. ಮುಚ್ಚಿಹೋಗುತ್ತಿದ್ದ ಒಂದು ವಿಡಿಯೋ ಗೇಮ್ ಪಾರ್ಲರಿನಿಂದ ದೊಡ್ಡ ದೊಡ್ಡ ಗುಂಡಿಗಳನ್ನು ಬಿಚ್ಚಿ ತಂದು, ಕೀಬೋರ್ಡಿನ ಒಳಗಿನ ತಂತಿಗಳಿಗೆ ಬೆಸುಗೆ ಹಾಕಿದೆ. ಪರದೆಯ ಮೇಲೆ ನಾಲ್ಕು ಚಿತ್ರ, ಅವಳ ಎಡಗೈ ಕೆಳಗೆ ನಾಲ್ಕು ಬಣ್ಣದ ಗುಂಡಿ. ಬೇಕಾದ ಚಿತ್ರ ಅಲ್ಲಿ ಇಲ್ಲದಿದ್ದರೆ ಐದನೇ ಗುಂಡಿ ಒತ್ತಬೇಕು, ಪುಟ ತಿರುಗಿ ಮುಂದಿನ ನಾಲ್ಕು ಬರುತ್ತವೆ. ಮಾತು ಹೊರಡುವ ಸ್ಪೀಕರು ಅವಳ ಪಕ್ಕ ಒಂದು. ಇನ್ನೊಂದನ್ನು ಗೋಡೆ ಕೊರೆದು ತಂತಿ ಎಳೆದು ನನ್ನ ಅಂಗಡಿಯಲ್ಲಿ, ತಲೆಯ ಮೇಲೇ ಹಾಕಿದೆ. ಕರೆಗಂಟೆ ಕಿತ್ತು ಎಸೆದೆ.

ದನಿ ಯಾರದು ಹಾಕುವುದು? ಹೆಂಗಸಿನ ದನಿಯೇ ಬೇಕು, ಅದೂ ಅವಳ ದನಿಗೆ ಹತ್ತಿರ ಇರಬೇಕು. ತಂಗಿಯನ್ನು ಕೂರಿಸಿದೆವು. ಆಗ ಅವಳು ಬಸುರಿ, ಬಹಳ ವರ್ಷ ಹರಕೆ ಹೊತ್ತ ಮೇಲೆ ನಿಂತ ಮೊದಲನೇ ಬಸುರು. ಮೈಕಿನ ಮುಂದೆ ನಾಚಿಕೊಂಡು, ನಗುತ್ತಾ, ಒಂದೊಂದೇ ಹೇಳಿದಳು. ರೀ, ಕಾಫಿ ಬೇಕು. ರೀ, ನೀರು ಕೊಡಿ. ಫ್ಯಾನ್ ಹಾಕಿ. ಕಿಟಕಿ ತೆಗೀರಿ. ಬಚ್ಚಲಿಗೆ ಹೋಗಬೇಕು. ದೇವರಿಗೆ ದೀಪ ಹಚ್ಚಿ. ಅನ್ನ ಚೆನ್ನಾಗಿದೆ. ಸಾಕು.

"ಭಾವನ್ನ ನಾನು ರೀ ಅನ್ಬೇಕಾ? ನಮ್ ಯಜಮಾನ್ರು ಕೇಳಿದ್ರೆ ಏನಂದ್ಕೋತಾರೆ!" ಅಂದಳು. ನನ್ನ ಹೆಂಡತಿ ಕುರ್ಚಿಯಲ್ಲೇ ಮೈ ಕುಲುಕಿಸಿ ನಕ್ಕಳು. ಲಕ್ವ ಹೊಡೆದ ಮೇಲೆ ಅವಳು ಅಷ್ಟು ನಕ್ಕಿದ್ದು ಅದೇ ಮೊದಲು.

ಕೊನೆಗೆ ನಾನು ಹೇಳಿದೆ: "ಇನ್ನೊಂದೆರಡು ಇದೆಯಮ್ಮ. 'ಎದೆ ನೋವು' ಅಂತ ಒಂದು. 'ಬೇಗ ಬನ್ನಿ, ಏನೋ ಆಗೋಯ್ತು' ಅಂತ ಒಂದು."

ಅವಳ ನಗು ನಿಂತಿತು. ಕೈ ತಾನಾಗೇ ಹೊಟ್ಟೆಯ ಮೇಲೆ ಹೋಯಿತು. "ಬಿಡ್ತು ಅನ್ನಿ ಭಾವ! ಅದನ್ನ ನನ್ನ ಬಾಯಲ್ಲಿ ಹೇಳ್ಸಬೇಡಿ. ಬಸುರಿ ನಾನು. ಅಸ್ತು ದೇವತೆಗಳು ಓಡಾಡ್ತಿರ್ತಾರೆ ಮನೇಲಿ. ಒಂದ್ಸಲ ಅಂದ್ರೇನೇ ಕೆಟ್ಟದ್ದು, ಅದು ಮೆಶಿನ್ನು, ಮತ್ತೆ ಮತ್ತೆ ಅನ್ನುತ್ತೆ."

ಇಂಜಿನಿಯರು ನಕ್ಕ. "ದೇವತಿಗೋಳಿಗೆ ಕಂಪ್ಯೂಟರ್ ಭಾಷಾ ಬರೂದಿಲ್ಲ ಬಿಡ್ರೀ ಅಕ್ಕಾರ."

"ನೀವು ಸುಮ್ನಿರಿ ಸಾರ್. ನಿಮಗೇನು ಗೊತ್ತು."

ನಾನು ಹೆಂಡತಿಯ ಮುಖ ನೋಡಿದೆ. ಅವಳೂ ತಲೆ ಆಡಿಸಿದಳು, ಬೇಡ ಅಂತ. ಮನೆಯಲ್ಲಿ ಬಳೆ ಒಡೆದರೆ ಬಳೆ ಹೆಚ್ಚಿತು ಅನ್ನುವವರು ನಾವು, ಅಕ್ಕಿ ಮುಗಿದಿದ್ದರೂ ಮುಗಿಯಿತು ಅನ್ನದವರು. ನನಗೂ ಆ ನಂಬಿಕೆ ಇಲ್ಲ ಅಂತೇನೂ ಇಲ್ಲ. ಹಾಗಾಗಿ ಮೆಶಿನ್ನಿಗೆ ಒಳ್ಳೆಯ ಮಾತು ಮಾತ್ರ ಸೇರಿದವು.

ಇನ್ನು ಆ ಮೆಶಿನ್ನಿನ ಬುದ್ಧಿ. ಅವಳು ಯಾವ ಹೊತ್ತಿಗೆ ಏನು ಒತ್ತುತ್ತಾಳೆ ಅಂತ ಅದು ಗಮನಿಸುತ್ತಿತ್ತು. ಆ ಹೊತ್ತಿಗೆ ಹೆಚ್ಚು ಒತ್ತಿದ್ದನ್ನು ಮೊದಲ ಪುಟಕ್ಕೆ, ಕೈಗೆ ಹತ್ತಿರದ ಗುಂಡಿಗೆ ತರುತ್ತಿತ್ತು. ಒತ್ತದೇ ಬಿಟ್ಟದ್ದನ್ನು ಹಿಂದಿನ ಪುಟಗಳಿಗೆ ತಳ್ಳುತ್ತಿತ್ತು. ಒಂದು ಮಾತು ಆಡಿದ ಮೇಲೆ ಪರದೆ ಮತ್ತೆ ಮೊದಲ ಪುಟಕ್ಕೇ ಬಂದು ನಿಲ್ಲುತ್ತಿತ್ತು. "ಮೆಶಿನ್ನು ವೈನಿಗೆ ಒಗ್ಗತೈತ್ರೀ. ಗಿರಾಕಿ ಹೋಟೆಲಿಗೆ ಕಾಲಿಡೂದ್ರಾಗ ಅವನ ನಾಷ್ಟಾ ತಟ್ಟಿಗೆ ಬಂದಂಗ" ಅಂದ ಇಂಜಿನಿಯರು.

ನಿಜವಾಗಿಯೂ ಹಾಗೇ ಆಯಿತು. ಕೆಲವೇ ದಿನದಲ್ಲಿ ಅವಳು ಪುಟ ತಿರುಗಿಸುವುದೇ ಕಡಿಮೆಯಾಯಿತು. ಬೆಳಗ್ಗೆ ಹತ್ತೂವರೆ ಹೊತ್ತಿಗೆ ಅಂಗಡಿಯ ಸ್ಪೀಕರಿನಲ್ಲಿ "ರೀ, ಕಾಫಿ ಬೇಕು" ಅಂತ ಬರುತ್ತಿತ್ತು. ಒಳಗಿಂದ ತಂಗಿ "ಬಂದೆ ಅಕ್ಕಾ" ಅನ್ನುತ್ತಿದ್ದಳು. ಕೇಳುವ ದನಿಯೂ ಅವಳದೇ, ಬಂದೆ ಅನ್ನುವ ದನಿಯೂ ಅವಳದೇ. ಗಿರಾಕಿಗಳಿಗೆ ಅದೊಂದು ತಮಾಷೆ. "ಏನ್ ಗುರು, ಒಳಗೆ ಎಷ್ಟು ಜನ ಮೇಡಂ ಇದಾರೆ?" ಅನ್ನುತ್ತಿದ್ದರು.

ಎಲ್ಲರೂ ಖುಷಿಯಾಗಿದ್ದಾಗ ನನಗೆ ಸಣ್ಣಗೆ ಭಯ ಶುರುವಾಗಿತ್ತು. ಒಂದು ದಿನ ಸಂಜೆ ಕಾಫಿ ತಂದುಕೊಟ್ಟೆ, ಅವಳು ಕುಡಿಯಲಿಲ್ಲ. "ನೀನೇ ಕೇಳಿದೆಯಲ್ಲೇ" ಅಂದೆ. ಅವಳು ಪರದೆಯ ಕಡೆ ನೋಡಿದಳು, ನನ್ನ ಕಡೆ ನೋಡಿದಳು. ಕೈ ಬಿದ್ದಲ್ಲಿ ಇದ್ದದ್ದು ಕಾಫಿ, ಹಾಗಾಗಿ ಕಾಫಿ ಅಂದಿತ್ತು. ಅವಳಿಗೆ ಬೇಕಾಗಿದ್ದದ್ದು ಎಷ್ಟೋ ಪುಟದ ಹಿಂದೆ ಇತ್ತೋ, ಇಲ್ಲವೇ ಇರಲೇ ಇಲ್ಲವೋ. ಮಾತೇ ಇಲ್ಲದಿದ್ದಾಗ ಅವಳಿಗೆ ಏನು ಬೇಕು ಅಂತ ನನಗೆ ಗೊತ್ತಿಲ್ಲ ಅನ್ನುವುದಾದರೂ ಗೊತ್ತಿತ್ತು. ಈಗ ಗೊತ್ತಿದೆ ಅಂದುಕೊಂಡುಬಿಡುತ್ತಿದ್ದೆ. ಇದನ್ನು ಇಂಜಿನಿಯರಿಗೆ ಹೇಳಬೇಕು ಅಂತಿದ್ದೆ. ನಾನೇ ಮಾಡಿದ ಮೆಶಿನ್ನಿಗೆ ನಾನೇ ಹೆದರುತ್ತೇನೆ ಅಂತ ಹೇಗೆ ಹೇಳುವುದು, ಸುಮ್ಮನಾದೆ.

ತಂಗಿಗೆ ಏಳು ತಿಂಗಳು ತುಂಬಿತ್ತು, ಸೀಮಂತಕ್ಕೆ ಸೀರೆ ತಂದಾಗಿತ್ತು. ಬರಬೇಡಮ್ಮಾ ಅಂದರೂ "ಸುಮ್ನೆ ಕೂತ್ರೆ ಮೈ ಭಾರ ಆಗುತ್ತೆ ಭಾವ" ಅಂತ ಬರುತ್ತಿದ್ದಳು. ಆ ದಿನ ಬೆಳಗ್ಗೆ ಅಂಗಡಿಯಲ್ಲಿ ಇಬ್ಬರು ಗಿರಾಕಿಗಳಿದ್ದರು. ಒಂದು ಕಲರ್ ಟಿವಿಯ ಹಿಂಭಾಗ ಬಿಚ್ಚಿ, ಕರೆಂಟು ಕೊಟ್ಟು ನೋಡುತ್ತಿದ್ದೆ. ಆಗ ಕೈ ಆಚೀಚೆ ಆದರೆ ಮನುಷ್ಯ ಎಗರಿ ಬೀಳುತ್ತಾನೆ.

"ರೀ, ಕಾಫಿ ಬೇಕು" ಅಂತು ಸ್ಪೀಕರು. ಹತ್ತೂವರೆ ಆಗಿರಬೇಕು ಅಂದುಕೊಂಡೆ.

ಇನ್ನೊಂದು ಸಲ. "ರೀ, ಕಾಫಿ ಬೇಕು."

"ಮೇಡಂ ಅರ್ಜೆಂಟಲ್ಲಿದ್ದಾರೆ ಗುರು" ಅಂದ ಒಬ್ಬ ಗಿರಾಕಿ.

ಆಮೇಲೆ, "ಬಚ್ಚಲಿಗೆ ಹೋಗಬೇಕು." ನನಗೆ ಮುಖ ಬಿಸಿಯಾಯಿತು. ನಾಲ್ಕು ಜನರ ಮುಂದೆ ಹೆಂಡತಿಯ ಈ ಮಾತು ಕೇಳಿಸಿಕೊಳ್ಳುವುದು ಯಾವಾಗಲೂ ಇರಿಸುಮುರುಸು. ತಂಗಿ ಮನೆಯಲ್ಲೇ ಇದ್ದಾಳಲ್ಲ, ಕರೆದುಕೊಂಡು ಹೋಗುತ್ತಾಳೆ ಅಂದುಕೊಂಡು ಕೆಲಸದ ಮೇಲೆ ಬಗ್ಗಿದೆ. ಗಿರಾಕಿಗಳು ರಸ್ತೆ ಕಡೆ ನೋಡುತ್ತಾ ನಿಂತರು.

"ರೀ, ಕಾಫಿ ಬೇಕು." ಮತ್ತೆ, "ಬಚ್ಚಲಿಗೆ ಹೋಗಬೇಕು." "ರೀ, ನೀರು ಕೊಡಿ." "ಬಚ್ಚಲಿಗೆ ಹೋಗಬೇಕು." "ರೀ, ಕಾಫಿ ಬೇಕು." "ಕಿಟಕಿ ತೆಗೀರಿ." "ದೇವರಿಗೆ ದೀಪ ಹಚ್ಚಿ." "ಸಾಕು." "ಸಾಕು." "ಅನ್ನ ಚೆನ್ನಾಗಿದೆ."

ಎಲ್ಲವೂ ಅದೇ ನಗುವ ದನಿಯಲ್ಲಿ. ಮೆಶಿನ್ನು ಕೆಟ್ಟಿತೇನೋ ಅಂದುಕೊಳ್ಳುವಷ್ಟರಲ್ಲಿ ನನಗೆ ಇನ್ನೊಂದು ವಿಷಯ ಹೊಳೆಯಿತು. ಬಂದೆ ಅಕ್ಕಾ ಅನ್ನುವ ದನಿ ಒಂದು ಸಲವೂ ಬಂದಿರಲಿಲ್ಲ. ಕೇಳುವ ದನಿ ಕೇಳುತ್ತಲೇ ಇತ್ತು, ಓಗೊಡುವ ದನಿ ಇರಲಿಲ್ಲ.

ನಾನು ಟಿವಿಯಿಂದ ಕೈ ಹೇಗೆ ತೆಗೆದೆನೋ ಗೊತ್ತಿಲ್ಲ. ಒಳಗೆ ಓಡಿದೆ. ಹೆಂಡತಿ ಕುರ್ಚಿಯಿಂದ ಅರ್ಧ ಜಾರಿದ್ದಳು. ಎಡಗೈ ಗುಂಡಿಗಳ ಮೇಲೆ ಬಡಿಯುತ್ತಿತ್ತು, ಕಣ್ಣು ಬಚ್ಚಲ ಕಡೆ ಇತ್ತು. ನನ್ನನ್ನು ಕಂಡದ್ದೇ ಅವಳ ಗಂಟಲಿನಿಂದ ಒಂದು ಶಬ್ದ ಬಂತು. ಅದು ಯಾವ ಮೆಶಿನ್ನಿನ ಮಾತೂ ಅಲ್ಲ.

ಬಚ್ಚಲಲ್ಲಿ ತಂಗಿ ಬಿದ್ದಿದ್ದಳು. ಸೋಪಿನ ನೀರು, ಮಗುಚಿಬಿದ್ದ ಬಕೆಟ್ಟು. ಹಣೆ ಒಡೆದು ರಕ್ತ ನೀರಿನ ಜೊತೆ ಹರಿಯುತ್ತಿತ್ತು. ಕರೆದರೆ ಕಣ್ಣು ಬಿಡಲಿಲ್ಲ. ಹಿಂದೆಯೇ ಬಂದ ಗಿರಾಕಿಗಳಲ್ಲಿ ತಮಾಷೆ ಮಾಡಿದ್ದವನು ಆಟೋಗೆ ಓಡಿದ, ಇನ್ನೊಬ್ಬ ನನ್ನ ಜೊತೆ ಅವಳನ್ನು ಎತ್ತಿ ಹಿಡಿದ. ಪಕ್ಕದ ಮನೆಯ ಆಂಟಿ ಸೆರಗು ಹರಿದು ಹಣೆಗೆ ಕಟ್ಟಿದರು. ಹೊರಗೆ ಸಾಗಿಸುವಾಗ ಸ್ಪೀಕರು ನನ್ನ ಬೆನ್ನ ಹಿಂದೆ ಅಂತು, ಈ ಕೈಯಲ್ಲಿ ತೂಗುತ್ತಿದ್ದವಳ ದನಿಯಲ್ಲೇ: "ರೀ, ಕಾಫಿ ಬೇಕು."

ಜಯನಗರದ ನರ್ಸಿಂಗ್ ಹೋಮಿನ ಬೆಂಚಿನ ಮೇಲೆ ಕೂತಾಗ ನನ್ನ ಕೈಗೆ ಇನ್ನೂ ಬೆಸುಗೆಯ ವಾಸನೆ ಇತ್ತು. ತಂಗಿಯ ಗಂಡ ಬಂದು ನನ್ನ ಪಕ್ಕ ಕೂತ. "ಭಾವ, ಮಗು?" ಅಂದ. ಅದೊಂದೇ ಪ್ರಶ್ನೆ ನನಗೂ. ಅವಳು ಎಷ್ಟು ಹೊತ್ತು ಬಿದ್ದಿದ್ದಳು ಅಂತ ಡಾಕ್ಟರು ಕೇಳಿದಾಗ ನಾನು ಲೆಕ್ಕ ಹಾಕಿದ್ದು ಗಡಿಯಾರದಲ್ಲಲ್ಲ. ಮೊದಲ ಕಾಫಿಯಿಂದ ಕೊನೆಯ 'ಅನ್ನ ಚೆನ್ನಾಗಿದೆ' ವರೆಗೆ, ಅಂದುಕೊಂಡೆ. ಬಾಯಿಗೆ ಬಂದದ್ದು "ಸ್ವಲ್ಪ ಹೊತ್ತು ಸಾರ್" ಅಂತ. ಕೂತಲ್ಲೇ ಒಂದು ಮಾತು ತಲೆಗೆ ಬಂತು. ಆ ಮೆಶಿನ್ನಿನಲ್ಲಿದ್ದದ್ದೆಲ್ಲ ನನ್ನ ಹೆಂಡತಿಗೆ ಏನು ಬೇಕು ಅನ್ನುವ ಮಾತುಗಳೇ. ಇನ್ನೊಬ್ಬರಿಗೆ ಏನಾಗಿದೆ ಅಂತ ಅವಳು ನಮಗೆ ಹೇಳಬೇಕಾಗಬಹುದು ಅಂತ ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ತಂಗಿಯನ್ನು ಸಾಕಿದವಳು ಅವಳು. ಕುರ್ಚಿಯಲ್ಲಿ ಕೂತ ಮೇಲೆ ಅವಳನ್ನು ಬರೀ ಕಾಫಿ ಕೇಳುವವಳನ್ನಾಗಿ ಮಾಡಿಬಿಟ್ಟಿದ್ದೆವು.

ಮಧ್ಯಾಹ್ನದ ಮೇಲೆ ಡಾಕ್ಟರಮ್ಮ ಹೊರಗೆ ಬಂದು, "ಮಗುವಿನ ಎದೆಬಡಿತ ಚೆನ್ನಾಗಿದೆ, ತಾಯಿಗೂ ಎಚ್ಚರ ಆಗಿದೆ. ಆದರೆ ಹೆರಿಗೆಯವರೆಗೂ ಮಲಗೇ ಇರಬೇಕು" ಅಂದರು. ಗಂಡ ಅಳುವುದಕ್ಕೆ ಶುರು ಮಾಡಿದ. ನಾನು ಅವನ ಹೆಗಲ ಮೇಲೆ ಕೈಯಿಟ್ಟೆ.

ಮನೆಗೆ ಬಂದರೆ ಆಂಟಿ ಬಾಗಿಲಲ್ಲೇ ಸಿಕ್ಕಿದರು. "ನೀನು ಹೋದಾಗಿಂದ ಒತ್ತಾನೇ ಇದಾಳೆ ಕಣಪ್ಪ. ನೀರು ಅಂತಾಳೆ, ಕೊಟ್ರೆ ಕುಡಿಯಲ್ಲ. ಕಾಫಿ ಅಂತಾಳೆ, ಮುಟ್ಟಲ್ಲ." ತಂಗಿ ಹೇಗಿದ್ದಾಳೆ ಅಂತ ಕೇಳುವುದಕ್ಕೂ ಅದರಲ್ಲಿ ಮಾತಿರಲಿಲ್ಲ. ನಾನು ಅವಳ ಮುಂದೆ ಕುಕ್ಕರಗಾಲಲ್ಲಿ ಕೂತು, "ಬದುಕಿದಾಳೆ ಕಣೇ. ಮಗೂನೂ ಚೆನ್ನಾಗಿದೆ" ಅಂದೆ. ಆಗ ಅವಳು ಗುಂಡಿಯಿಂದ ಕೈ ತೆಗೆದಳು.

ಮಾರನೇ ದಿನವೇ ಕರೆಗಂಟೆಯ ಸ್ವಿಚ್ಚು ಮತ್ತೆ ಹಾಕಿದೆ. ಅವಳು ಅದನ್ನು ಎಡಗೈಯಿಂದ ಪಕ್ಕಕ್ಕೆ ತಳ್ಳಿದಳು. ಮತ್ತೆ ಇಟ್ಟೆ, ಮತ್ತೆ ತಳ್ಳಿದಳು. ಏನಾಗಿದೆ ಅಂತ ಹೇಳದ ಗಂಟೆ ಅವಳಿಗೆ ಬೇಡ. ಹಟದಲ್ಲಿ ಅವಳು ನನಗಿಂತ ಒಂದು ಕೈ ಮೇಲು.

ಗಂಡು ಮಗು ಹುಟ್ಟಿತು, ಬಾಣಂತನವೂ ಮುಗಿಯಿತು. ತಂಗಿ ಮೊದಲ ಸಲ ಮಗು ಎತ್ತಿಕೊಂಡು ನಮ್ಮ ಮನೆಗೆ ಬಂದ ದಿನ, ಹಣೆಯ ಗಾಯದ ಗುರುತಿನ ಪಕ್ಕ ಕುಂಕುಮ ಇಟ್ಟುಕೊಂಡಿದ್ದಳು. ಮಗುವನ್ನು ಅಕ್ಕನ ಮಡಿಲಲ್ಲಿ ಮಲಗಿಸಿದವಳು ನೇರ ಕಂಪ್ಯೂಟರಿನ ಮುಂದೆ ಬಂದು ಕೂತಳು.

"ಭಾವ, ಆ ಮೈಕು ಕೊಡಿ."

"ಈಗ್ಯಾಕಮ್ಮ?"

"ಕೊಡಿ ಅಂದ್ರೆ."

ಮೊದಲು ಮೂರು ಸಲ ಬಿಡ್ತು ಬಿಡ್ತು ಬಿಡ್ತು ಅಂದುಕೊಂಡಳು. ಆಮೇಲೆ ಮೈಕಿಗೆ ಬಾಯಿ ಹತ್ತಿರ ತಂದು, ನಗದೆ, ಹೇಳಿದಳು: "ರೀ, ಬೇಗ ಬನ್ನಿ, ಏನೋ ಆಗೋಯ್ತು." ಇಂಜಿನಿಯರು ಆ ಮಾತಿಗೆ ಓಡುವ ಮನುಷ್ಯನ ಚಿತ್ರ ಹಾಕಿದ. ಅವನು ಈ ಸಲ ತಮಾಷೆ ಮಾಡಲಿಲ್ಲ.

ಆದರೆ ಮೆಶಿನ್ನಿನ ಬುದ್ಧಿ ಹಳೆಯದೇ ಇತ್ತಲ್ಲ. ಯಾರೂ ಒತ್ತದ ಮಾತನ್ನು ಅದು ಹಿಂದಕ್ಕೆ ತಳ್ಳತೊಡಗಿತು. ಓಡುವ ಮನುಷ್ಯ ಮೊದಲ ಪುಟದಲ್ಲಿದ್ದವನು ಎರಡನೆಯದಕ್ಕೆ ಹೋದ, ಆಮೇಲೆ ಅದರಾಚೆ. "ಅದೊಂದ ಚಿತ್ರ ಮೊದಲನೇ ಪುಟದಾಗ ಗಟ್ಟಿ ನಿಲ್ಲೂಹಂಗ ಮಾಡಿಕೊಡ್ತೇನ್ರೀ ಅಣ್ಣಾರ" ಅಂದಿದ್ದ ಇಂಜಿನಿಯರನ್ನು ಅಷ್ಟರಲ್ಲಿ ಆಫೀಸಿನವರು ಪುಣೆಗೆ ಕಳಿಸಿದರು. ಗುಂಡಿ, ತಂತಿ, ಸ್ಪೀಕರು ಕಣ್ಣುಮುಚ್ಚಿ ಬಿಚ್ಚಿ ಜೋಡಿಸಬಲ್ಲೆ. ಅವನು ಬರೆದದ್ದು ನನಗೆ ಓದಲು ಬರುವಂಥದ್ದಲ್ಲ. ಬೇರೆಯವರನ್ನು ಕರೆದು ಕೇಳಲು ಮನಸ್ಸು ಒಪ್ಪಲಿಲ್ಲ, ಕೇಳಿದರೆ ಇರುವ ಮಾತೂ ಕೆಟ್ಟರೆ ಅಂತ ಭಯ ಬೇರೆ. ದಿನಾ ಪುಟ ತಿರುಗಿಸಿ ನೋಡುತ್ತಿದ್ದೆ, ಆ ಮಾತು ಎಷ್ಟು ಕೆಳಗೆ ಹೋಯಿತು ಅಂತ. ಬಾವಿಗೆ ಬಿದ್ದ ಬಿಂದಿಗೆಯನ್ನು ಬಗ್ಗಿ ನೋಡಿದ ಹಾಗೆ. ಕಡೆಗೆ ಅದು ಕೊನೆಯ ಪುಟ ಮುಟ್ಟಿತು. ಅವಳ ಎಡಗೈ ಅಲ್ಲಿಗೆ ತಲುಪುವ ಹೊತ್ತಿಗೆ ಏನು ಬೇಕಾದರೂ ಆಗಿಹೋಗಬಹುದು.

ಒಂದು ಬೆಳಗ್ಗೆ ಅಂಗಡಿಯ ಬಾಗಿಲು ಎತ್ತಿ ಇನ್ನೂ ಕಸ ಹೊಡೆಯುತ್ತಿದ್ದೆ. ತಲೆಯ ಮೇಲೆ ಸ್ಪೀಕರು ಅಂತು: "ರೀ, ಬೇಗ ಬನ್ನಿ, ಏನೋ ಆಗೋಯ್ತು."

ಪೊರಕೆ ಹಿಡಿದುಕೊಂಡೇ ಓಡಿದೆ. ಹೊಸಿಲು ಎಡವಿ, ಗೋಡೆ ಹಿಡಿದು, ಒಳಗೆ ನುಗ್ಗಿದೆ. ಅವಳು ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದಳು. ಹಣೆಗೆ ಕುಂಕುಮ, ಒದ್ದೆ ತಲೆಗೆ ಬಟ್ಟೆ. ಏನೂ ಆಗಿರಲಿಲ್ಲ. ಅವಳು ಎಡಗೈ ಎತ್ತಿ ಪರದೆ ತೋರಿಸಿದಳು. ಐದನೇ ಗುಂಡಿ ಒತ್ತಿ ಒತ್ತಿ ಕೊನೆಯ ಪುಟಕ್ಕೆ ಹೋದಳು, ಓಡುವ ಮನುಷ್ಯನನ್ನು ಹುಡುಕಿ ಇನ್ನೊಂದು ಸಲ ಒತ್ತಿದಳು. ಮತ್ತೆ ಅದೇ ಮಾತು. ಆಮೇಲೆ ನನ್ನ ಮುಖ ನೋಡಿದಳು, ಅರ್ಥ ಆಯ್ತಾ ಅನ್ನುವ ಹಾಗೆ.

ಆಯಿತು. ಆ ಮೆಶಿನ್ನು ಒತ್ತಿದ್ದನ್ನು ಮಾತ್ರ ಹತ್ತಿರ ಇಟ್ಟುಕೊಳ್ಳುತ್ತದೆ ಅಂತ ಅವಳು ತಿಳಿದುಕೊಂಡಿದ್ದಳು. ನನಗೂ ಇಂಜಿನಿಯರಿಗೂ ಆಗದೇ ಹೋದದ್ದನ್ನು ಅವಳು ಒಂದು ಬೆರಳಿನಲ್ಲಿ ಮಾಡಲು ಹೊರಟಿದ್ದಳು.

ಅಲ್ಲಿಂದ ಮುಂದೆ ದಿನಾ ಒತ್ತಿದಳು, ಬೆಳಗ್ಗೆ, ಮಧ್ಯಾಹ್ನ, ಸಂಜೆ, ದಿನದ ಯಾವ ಹೊತ್ತಿಗೂ ಆ ಚಿತ್ರ ಹಿಂದೆ ಬೀಳದ ಹಾಗೆ. ಓಡುವ ಮನುಷ್ಯ ಪುಟ ಪುಟವಾಗಿ ಮೇಲೆ ಬಂದು ಕಾಫಿಯ ಪಕ್ಕ ನಿಂತ. ಬಾಯಲ್ಲಿ ಕೆಟ್ಟ ಮಾತು ತರಬೇಡ ಅಂತ ತಲೆ ಆಡಿಸಿದ್ದವಳೇ ಆ ಮಾತನ್ನು ದಿನಾ ಮನೆ ತುಂಬ ಆಡಿಸಿದಳು. ಗಿರಾಕಿಗಳು ಮೊದಮೊದಲು ಬೆಚ್ಚಿಬಿದ್ದು, ಆಮೇಲೆ ಒಗ್ಗಿಹೋದರು. "ಸುಮ್ನೆ ಇರು ಗುರು, ಅದು ಮೇಡಂದು ಅಭ್ಯಾಸ" ಅನ್ನುತ್ತಿದ್ದರು.

ಒಗ್ಗದೇ ಉಳಿದವನು ನಾನೊಬ್ಬ. ಸುಮ್ಮನೆ ಒತ್ತಿದ್ದೋ, ನಿಜಕ್ಕೂ ಒತ್ತಿದ್ದೋ, ಸ್ಪೀಕರಿನಲ್ಲಿ ಕೇಳಿದರೆ ಎರಡೂ ಒಂದೇ. ಒಂದು ಸಲವೂ ನಡೆದುಕೊಂಡು ಹೋಗಲಿಲ್ಲ. ಬಿಡ್ತು, ಬಿಡ್ತು ಅಂದುಕೊಳ್ಳುತ್ತಾ ಓಡುತ್ತಿದ್ದೆ. ಬಾಗಿಲಲ್ಲಿ ನಿಂತು, ಅವಳು ಕೂತಿರುವುದನ್ನು ನೋಡಿ, ಏದುಸಿರು ಬಿಡುತ್ತಿದ್ದೆ. ಅವಳು ತಲೆಯಾಡಿಸುತ್ತಿದ್ದಳು, ಸರಿ, ಹೋಗಿ ಅಂತ.